ಗಿಟಾರಿಗೆ ಹತ್ತಿದ ಶರೀಫಜ್ಜನ ಮಾಳಿಗಿ

ಬಾಗಲಕೋಟೆ: ‘ಶರೀಫಜ್ಜನ ಪದಕ್ಕ ಗಿಟಾರ್ ಯಾಕ ಬೇಕಪ್ಪಾ?’ ಹುನಗುಂದ, ಬಾದಾಮಿ ಕಡೆಯ ಭಜನಿ ಮೇಳದ ಹಿರಿಯರ ಮುಂದೆ ರಘು ದೀಕ್ಷಿತರ ಹಾಡು ಹಚ್ಚಿದರೆ ಮೊದಲು ಬರುವ ಪ್ರಶ್ನೆ ಇದೇ. ಮನೆಯ ಮೊಮ್ಮಗನಿಗೆ ಮಾತ್ರ ಅದೇ ಹಾಡು ಬಾಯಿಪಾಠ. ಪದ ಒಂದೇ. ಜಗಳ ಇರುವುದು ದನಿಯ ಬಗ್ಗೆ.

ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಮೈಕ್ರೊಬಯಾಲಜಿ, ಕಲಿತದ್ದು ಭರತನಾಟ್ಯ. ಗಿಟಾರ್ ಹಿಡಿದದ್ದು ಆಮೇಲೆ. ತೊಂಬತ್ತರ ದಶಕದ ಕೊನೆಗೆ ‘ಅಂತರಾಗ್ನಿ’ ಎಂಬ ತಂಡದಲ್ಲಿದ್ದರು. ಅದು ಒಡೆದ ಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಶುರುವಾಯಿತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಾಕ್ ಹಾಡುವುದು ಇವರ ರೀತಿ. ಮೊದಲ ಆಲ್ಬಂ 2008ರಲ್ಲಿ ಬಂತು. ಹೊರತಂದವರು ಹಿಂದಿ ಚಿತ್ರಸಂಗೀತದ ವಿಶಾಲ್-ಶೇಖರ್ ಜೋಡಿ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಗುಡುಗುಡಿಯ ಪದ ಮತ್ತು ಸೋರುವ ಮಾಳಿಗಿಯ ಪದ ಜಾಗ ಹಿಡಿದವು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ತಂಡ ಹಾಡಿತು. 2011ರಲ್ಲಿ ಲಂಡನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿಯೂ ಬಂತು.

ಗೆದ್ದ ತಂಡಕ್ಕೆ ಎರಡನೇ ಆಲ್ಬಂ ಅಂದರೆ ಪರೀಕ್ಷೆ. ಹಳೇ ಧಾಟಿಯಲ್ಲೇ ಹಾಡಿದರೆ ‘ಹಳೇದನ್ನ ತಿರುವಿ ಹಾಕ್ಯಾನ’ ಅನ್ನುತ್ತಾರೆ. ಬದಲಿಸಿದರೆ ‘ಕೆಡಿಸಿಬಿಟ್ಟ’ ಅನ್ನುತ್ತಾರೆ. 2013ರ ‘ಜಗ್ ಚಂಗಾ’ ಆಲ್ಬಂನಲ್ಲಿ ದೀಕ್ಷಿತರು ಬದಲಿಸಿದರು. ಮೊದಲಿನದರಲ್ಲಿ ಗಿಟಾರಿನ ಜೊತೆ ಪಿಟೀಲು ಎದ್ದು ಕೇಳುತ್ತಿತ್ತು. ಈಗ ವಾದ್ಯಮೇಳ ಹಿಗ್ಗಿತು, ಹೊರದೇಶದ ಕಲಾವಿದರೂ ಬಂದು ನುಡಿಸಿದರು. ಆದರೆ ಶರೀಫಜ್ಜ ಕೈಬಿಡಲಿಲ್ಲ. ಲೋಕದ ಕಾಳಜಿಯ ಪದ, ಕೋಡಗ-ಕೋಳಿಯ ಪದ ಇದರಲ್ಲೂ ಬಂದವು.

ಪೇಟಿ ಯಾವ ಊರದು?

ಗಿಟಾರ್ ಪರದೇಶಿ ಎಂಬುದು ಹಿರಿಯರ ತಕರಾರು. ಹಾಗಾದರೆ ಭಜನಿ ಗುಡಿಯಲ್ಲಿ ನಡುವೆ ಕೂತ ಹಾರ್ಮೋನಿಯಂ ಪೇಟಿ ಯಾವ ಊರದು? ಅದೂ ಯುರೋಪಿನಿಂದಲೇ ಹಡಗು ಹತ್ತಿ ಬಂದದ್ದು. ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಬಾಗಿಲಾಚೆ ಇಟ್ಟಿತ್ತು. ನಿಷೇಧ ಸಡಿಲಾದದ್ದು 1971ರಲ್ಲಿ. ಅಷ್ಟೂ ವರ್ಷ ನಮ್ಮ ಹಳ್ಳಿಯ ಮೇಳಗಳು ಪೇಟಿ ಬಿಡಲಿಲ್ಲ.

ಶರೀಫರ ಕಾಲ 1819ರಿಂದ 1889. ಅವರ ಪದಕ್ಕೆ ಏಕತಾರಿ, ದಮ್ಮಡಿ, ತಾಳ ಸಾಕಾಗಿತ್ತು. ಮುಂದೆ ಸಿ. ಅಶ್ವತ್ಥ್ ಅದೇ ಪದಗಳನ್ನು ಸುಗಮ ಸಂಗೀತಕ್ಕೆ ತಂದರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲೆ ಮನೆ ಮನೆಯಲ್ಲೂ ಅಶ್ವತ್ಥರ ದನಿಯೇ ಶರೀಫರ ದನಿಯಾಯಿತು. ಇವತ್ತು ‘ಹಳೇ ಧಾಟಿ’ ಎಂದು ಎಷ್ಟೋ ಮಂದಿ ಹೇಳುವುದು ಅದನ್ನೇ. ಅದೂ ಒಂದು ಕಾಲಕ್ಕೆ ಹೊಸದೇ.

ಕೊಂಡಿ ಬಿಡಬಾರದು

ಇಳಕಲ್ ಮಗ್ಗದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಹತ್ತಿಯದಿರಲಿ, ರೇಷ್ಮೆಯದಿರಲಿ, ಚಮಕಾ ನೂಲಿನದಿರಲಿ, ಟೋಪ್ ತೆನಿ ಸೆರಗು ಕಂಡರೆ ಅದು ಇಳಕಲ್ ಸೀರೆ. ಕೊಂಡಿ ಬಿಟ್ಟಿತೋ, ಸೆರಗು ಒಂದು ಕಡೆ, ಸೀರೆ ಒಂದು ಕಡೆ.

ಪದದಲ್ಲಿ ಆ ಕೊಂಡಿ ಯಾವುದು? ಅರ್ಥ. ಭಜನಿಯಲ್ಲಿ ಮುಂದಾಳು ಪದ ಹಾಡಿ ನಿಲ್ಲಿಸುತ್ತಾನೆ, ಒಳಗಿನ ಮಾತು ಬಿಡಿಸಿ ಹೇಳುತ್ತಾನೆ, ಮತ್ತೆ ಹಾಡುತ್ತಾನೆ. ಸೋರುವುದು ಮಣ್ಣಿನ ಮನೆಯಲ್ಲ, ಅರಿವು ತಪ್ಪಿದ ಮನುಷ್ಯ ಎಂದು ಅಕ್ಷರ ಕಲಿಯದ ಮುದುಕಿಗೂ ತಿಳಿಯುತ್ತದೆ. ಆಲ್ಬಂನಲ್ಲಿ ಹೀಗೆ ನಿಲ್ಲಿಸಿ ಹೇಳುವವರಿಲ್ಲ. ಹಾಡು ಐದಾರು ನಿಮಿಷಕ್ಕೆ ಮುಗಿಯುತ್ತದೆ, ಹುಡುಗ ಮುಂದಿನದಕ್ಕೆ ಹೋಗುತ್ತಾನೆ.

ಇಲ್ಲಿ ಇನ್ನೊಂದು ತೊಡಕು ಇದೆ. ಮಾಳಿಗಿ ಎಂದರೇನು ಎಂದು ಬಾದಾಮಿ, ಹುನಗುಂದದ ಹಳ್ಳಿಯವರಿಗೆ ಗೊತ್ತು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಹಾಕಿ ತುಳಿಯದಿದ್ದರೆ ರಾತ್ರಿ ಹಾಸಿಗೆ ಸುತ್ತಿ ಮೂಲೆ ಹಿಡಿದು ಕೂರಬೇಕು. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಖಾಲಿಯಾದವು. ಮಂದಿ ನವನಗರದ ಆರ್.ಸಿ.ಸಿ. ಮನೆಗಳಿಗೆ ಬಂದರು. ಅಲ್ಲಿ ಹುಟ್ಟಿದ ಹುಡುಗನಿಗೆ ಮಣ್ಣಿನ ಮಾಳಿಗಿಯೂ ಗೊತ್ತಿಲ್ಲ, ಅದರೊಳಗಿನ ಮಾತೂ ಗೊತ್ತಿಲ್ಲ. ಅವನ ಪಾಲಿಗೆ ಅದು ಒಂದು ಒಳ್ಳೇ ಟ್ಯೂನ್, ಅಷ್ಟೇ.

ಇದಕ್ಕೆ ದೀಕ್ಷಿತರನ್ನು ದೂರಿ ಫಲವಿಲ್ಲ. ಅವರು ಪದವನ್ನು ಹುಡುಗನ ಕಿವಿಯವರೆಗೆ ತಂದು ಮುಟ್ಟಿಸಿದ್ದಾರೆ. ಮುಂದಿನ ಕೆಲಸ ಊರಿನದು. ಕಾಲೇಜು ಗ್ಯಾದರಿಂಗಿನಲ್ಲಿ ಹುಡುಗರು ಗಿಟಾರ್ ಹಿಡಿದು ಈ ಪದ ಎತ್ತುವ ಮುನ್ನ ಭಜನಿ ಮೇಳದ ಒಬ್ಬ ಹಿರಿಯರನ್ನು ಕರೆದು ಐದು ನಿಮಿಷ ಅರ್ಥ ಹೇಳಿಸಿದರೆ ಖರ್ಚೇನು? ಒಂದು ಶಾಲು, ಒಂದು ತೆಂಗಿನಕಾಯಿ.

ಹಿರಿಯರಿಗೂ ಒಂದು ಮಾತು: ಕರೆದಾಗ ಹೋಗಿರಿ. ಗಿಟಾರ್ ಕಂಡು ಎದ್ದು ಬರಬ್ಯಾಡ್ರಿ.