ವಿಜ್ಞಾನ ಸಂವಹನ: ಹವ್ಯಾಸವೋ, ವೃತ್ತಿಯೋ?

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ ಸಂಭವಿಸಿತು. ಅಂದು ಕಲಬುರಗಿ ಸಮೀಪದ ತಾಜ್‌ಸುಲ್ತಾನ್‌ಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು, ಗುಣವಾದೀತೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ಪತ್ರಿಕೆಗಳಲ್ಲಿ ವರದಿಯಾಯಿತು. ಗ್ರಹಣದ ವೇಳೆಯನ್ನು ವರ್ಷಗಳ ಮೊದಲೇ ಲೆಕ್ಕಹಾಕಿ ಹೇಳಬಲ್ಲ ವಿಜ್ಞಾನ ನಮ್ಮಲ್ಲಿತ್ತು. ಅದನ್ನು ಆ ತಂದೆತಾಯಿಯರ ಮನಸ್ಸಿಗೆ ಮುಟ್ಟಿಸುವ ಹೊಣೆ ಯಾರದಾಗಿತ್ತು?

ನಮ್ಮ ಸಂವಿಧಾನದ 51ಎ ವಿಧಿಯು ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆನ್ನುತ್ತದೆ. 1976ರ ತಿದ್ದುಪಡಿಯಿಂದ ಸೇರಿದ ಮಾತು ಇದು. ಆದರೆ ಎಲ್ಲರ ಕರ್ತವ್ಯವಾದದ್ದು ಯಾರೊಬ್ಬರ ಕೆಲಸವೂ ಆಗದೆ ಉಳಿಯುವ ಅಪಾಯವಿದೆ.

ಕನ್ನಡದಲ್ಲಿ ಈ ಕೆಲಸ ನಡೆದೇ ಇಲ್ಲವೆಂದಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದರು. ಅದು ನಡೆದದ್ದು ಎರಡೇ ವರ್ಷ. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. ಜಿ.ಟಿ. ನಾರಾಯಣರಾವ್, ಜೆ.ಆರ್. ಲಕ್ಷ್ಮಣರಾವ್ ಅವರಂಥ ಅಧ್ಯಾಪಕರು ಪಾಠದ ಜೊತೆಜೊತೆಗೇ ಬರೆದರು. ಕೇಂದ್ರ ಸರ್ಕಾರ 1989ರಲ್ಲಿ ಸ್ಥಾಪಿಸಿದ ವಿಜ್ಞಾನ ಪ್ರಸಾರ್ ಸಂಸ್ಥೆಯನ್ನು 2023ರಲ್ಲಿ ಮುಚ್ಚಲಾಯಿತು. ವ್ಯಕ್ತಿಯ ಉತ್ಸಾಹವನ್ನೋ ಒಂದು ಸಂಸ್ಥೆಯ ಆಯುಷ್ಯವನ್ನೋ ಮಾತ್ರ ನೆಚ್ಚಿದ ಕೆಲಸ ಎಷ್ಟು ಕಾಲ ನಿಂತೀತು?

ಇದಕ್ಕೆ ವಿಶೇಷ ಕೌಶಲ ಬೇಕೇ ಎಂದು ಕೆಲವರು ಕೇಳುವುದುಂಟು. ಒಂದು ಉದಾಹರಣೆ ನೋಡೋಣ. ‘ಲಸಿಕೆಯ ಪರಿಣಾಮ ಶೇಕಡಾ 70’ ಎಂದಾಗ, ಲಸಿಕೆ ಪಡೆದ ನೂರು ಮಂದಿಯಲ್ಲಿ ಮೂವತ್ತು ಮಂದಿಗೆ ಕಾಯಿಲೆ ಖಚಿತವೆಂದು ಅನೇಕರು ತಿಳಿಯುತ್ತಾರೆ. ನಿಜವಾದ ಅರ್ಥ ಬೇರೆ. ಲಸಿಕೆ ಪಡೆಯದ ನೂರು ಮಂದಿಯಲ್ಲಿ ಹತ್ತು ಮಂದಿ ಕಾಯಿಲೆ ಬೀಳುವ ಕಡೆ, ಪಡೆದ ನೂರು ಮಂದಿಯಲ್ಲಿ ಸುಮಾರು ಮೂವರು ಬೀಳುತ್ತಾರೆ ಎಂದರ್ಥ. ಲೆಕ್ಕ ಬಲ್ಲ ತಜ್ಞರಿಗೆ ಜನರ ಮಾತು ಒದಗದು. ಮಾತು ಬಲ್ಲವರಿಗೆ ಲೆಕ್ಕ ಹಿಡಿಯದು. ಎರಡನ್ನೂ ಬಲ್ಲವರು ಎಷ್ಟು ವಿರಳವೆಂಬುದು ಕಾರ್ಯಕ್ರಮಕ್ಕೆ ಅತಿಥಿಗಳನ್ನು ಹುಡುಕುವ ನಮ್ಮಂಥ ನಿರ್ಮಾಪಕರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಮಾನ್ಯತೆ ಎಂದರೇನು? ವೈದ್ಯರು, ವಕೀಲರಂತೆ ನೋಂದಣಿಯಿಲ್ಲದೆ ಕೆಲಸ ಮಾಡಬಾರದೆಂಬ ಕಟ್ಟುಪಾಡು ಒಂದು ಬಗೆ. ತರಬೇತಿ, ಹುದ್ದೆ, ಸಂಬಳ ಮತ್ತು ಹೊಣೆಗಾರಿಕೆ ಇನ್ನೊಂದು ಬಗೆ. ಮೊದಲನೆಯದು ಇಲ್ಲಿ ಸಲ್ಲದು. ಕಾಲೇಜು ಶಿಕ್ಷಣವನ್ನು ನಡುವೆಯೇ ಬಿಟ್ಟ ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಕನ್ನಡಕ್ಕೆ ಕೊಟ್ಟರು. ಪದವಿಪತ್ರ ಕೇಳುವ ಬಾಗಿಲು ಮೊದಲು ಹೊರಗಿಡುವುದು ಅಂಥವರನ್ನೇ. ಸರ್ಕಾರದ ಪರವಾನಗಿ ಪಡೆದವರು ಸರ್ಕಾರದ ಯೋಜನೆಯೊಂದರ ಅಪಾಯವನ್ನು ನಿರ್ಭಯವಾಗಿ ಹೇಳಿಯಾರೇ ಎಂಬ ಪ್ರಶ್ನೆಯೂ ಇದೆ.

ನಮಗೆ ಬೇಕಾದುದು ಎರಡನೆಯ ಬಗೆಯ ಮಾನ್ಯತೆ. ಜಿಲ್ಲಾಸ್ಪತ್ರೆ, ಕೃಷಿ ವಿಶ್ವವಿದ್ಯಾಲಯ, ಸಂಶೋಧನಾಲಯಗಳಲ್ಲಿ ಜನರ ಭಾಷೆಯಲ್ಲಿ ವಿವರಿಸುವುದನ್ನೇ ಕೆಲಸವಾಗುಳ್ಳ ಒಬ್ಬರು ಇರಬೇಕು. ಪ್ರಚಾರಾಧಿಕಾರಿ ಸಂಸ್ಥೆಯ ಕೀರ್ತಿ ಹೇಳುತ್ತಾನೆ. ವಿಜ್ಞಾನ ಸಂವಹನಕಾರ ಸಂಸ್ಥೆಗೆ ತಿಳಿಯದ್ದನ್ನೂ ಹೇಳಬೇಕಾದವನು. ಈ ವ್ಯತ್ಯಾಸವನ್ನು ನೇಮಕಾತಿಯಲ್ಲೇ ಬರೆದಿಡಬೇಕು. ಆಗ ಮುಂದಿನ ಗ್ರಹಣಕ್ಕೆ ಮುನ್ನ ಹಳ್ಳಿಗೆ ಹೋಗಬೇಕಾದವರು ಯಾರೆಂದು ಕೇಳಿದರೆ ಒಬ್ಬರ ಹೆಸರನ್ನಾದರೂ ಹೇಳಬಹುದು.