ಅಂದಾಜು ಒಂದು, ಹರಾಜಿನಲ್ಲಿ ಬಂದದ್ದು ಇನ್ನೊಂದು

ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಇದೆ ಎಂಬ ಸುದ್ದಿ ಮೊಬೈಲಿಗೆ ಬಂದ ಕೂಡಲೇ ಅಜ್ಜನ ಪೆಟ್ಟಿಗೆ ತೆಗೆದು ನೋಡುವವರು ಗಡಿಭಾಗದ ಊರುಗಳಲ್ಲೂ ಇದ್ದಾರೆ. ಕೆಲವರು ಹುಣಸೆಹಣ್ಣು ಹಾಕಿ ತಿಕ್ಕುವುದೂ ಉಂಟು. ತಿಕ್ಕಿದ ನಾಣ್ಯದ ಬೆಲೆ ಇಳಿಯುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಅವರ ಮಾತು ಹಾಗಿರಲಿ, ದೊಡ್ಡ ಹರಾಜುಗಳಲ್ಲಿ ನುರಿತ ತಜ್ಞರ ಲೆಕ್ಕವೂ ತಪ್ಪುತ್ತದೆ.

ಅಮೆರಿಕದ 1794ನೇ ಇಸವಿಯ ಒಂದು ಬೆಳ್ಳಿ ಡಾಲರ್ 2013ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ 1 ಕೋಟಿ ಡಾಲರಿಗೂ ಮೀರಿ ಹರಾಜಾಗಿ ದಾಖಲೆ ಮಾಡಿತು. ಅದೇ ನಾಣ್ಯ 2020ರ ಅಕ್ಟೋಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಮತ್ತೆ ಹರಾಜಿಗೆ ಬಂತು. ಅಂದಾಜು 80 ಲಕ್ಷದಿಂದ 1 ಕೋಟಿ ಡಾಲರ್. ಆದರೆ ಕೂಗು ಮಾಲೀಕ ಗುಟ್ಟಾಗಿ ಇಟ್ಟಿದ್ದ ಕನಿಷ್ಠ ಬೆಲೆಯನ್ನು ಮುಟ್ಟಲಿಲ್ಲ, ನಾಣ್ಯ ಮಾರಾಟವಾಗದೆ ವಾಪಸು ಹೋಯಿತು. 2022ರಲ್ಲಿ ಅದು ಖಾಸಗಿಯಾಗಿ 1.2 ಕೋಟಿ ಡಾಲರಿಗೆ ಕೈ ಬದಲಾಯಿಸಿದ ವರದಿ ಬಂತು.

1933ರ 20 ಡಾಲರಿನ ಚಿನ್ನದ ನಾಣ್ಯದ ಕಥೆ ಇನ್ನೊಂದು ಬಗೆಯದು. ಸರಕಾರವೇ ಅವನ್ನೆಲ್ಲ ಕರಗಿಸಲು ಆದೇಶಿಸಿತ್ತು. ಖಾಸಗಿಯವರು ಕಾನೂನುಬದ್ಧವಾಗಿ ಇಟ್ಟುಕೊಳ್ಳಬಹುದಾದದ್ದು ಒಂದೇ ಒಂದು. 2002ರಲ್ಲಿ ಅದಕ್ಕೆ ಬಂದದ್ದು 75,90,020 ಡಾಲರ್. ಕೊನೆಯ ಆ 20 ಡಾಲರ್ ನಾಣ್ಯದ ಮುಖಬೆಲೆ, ಟಂಕಸಾಲೆಗೆ ಸಂದಾಯವಾಗದೆ ಉಳಿದಿದ್ದ ಬಾಕಿ! 2021ರಲ್ಲಿ 1ರಿಂದ 1.5 ಕೋಟಿ ಡಾಲರ್ ಅಂದಾಜಿದ್ದಾಗ ಸುಮಾರು 1.89 ಕೋಟಿಗೆ ಹೋಯಿತು.

ಹೀಗೇಕೆ? ಮರಾಠಿಯಲ್ಲಿ ಲಿಲಾವ್, ತೆಲುಗಿನಲ್ಲಿ ವೇಲಂ, ತಮಿಳಿನಲ್ಲಿ ಏಲಂ, ಹೆಸರು ಯಾವುದಾದರೂ ಅಂದು ಬಂದವರ ಹಠ ಮತ್ತು ಜೇಬೇ ಬೆಲೆ ಕಟ್ಟುತ್ತವೆ. ಜಾತ್ರೆಯ ತೆಂಗಿನಕಾಯಿ ಸವಾಲಿನಲ್ಲಿ ಇಬ್ಬರು ಪಟ್ಟು ಹಿಡಿದರೆ ಏನಾಗುತ್ತದೆಂದು ನಮ್ಮವರಿಗೆ ಹೇಳಬೇಕಿಲ್ಲ. ಹರಾಜು ಸಂಸ್ಥೆಗಳೂ ಕೂಗುವವರನ್ನು ಸೆಳೆಯಲು ಕೆಲವೊಮ್ಮೆ ಅಂದಾಜನ್ನು ಬೇಕೆಂದೇ ಕಡಿಮೆ ಇಡುತ್ತವೆ, ಮಾಲೀಕನನ್ನು ಒಲಿಸಲು ಕೆಲವೊಮ್ಮೆ ಏರಿಸುತ್ತವೆ. ಇನ್ನೊಂದು ಗೊಂದಲವಿದೆ. ಅಂದಾಜಿನಲ್ಲಿ ಕೊಳ್ಳುವವನ ಕಮಿಷನ್ ಸಾಮಾನ್ಯವಾಗಿ ಸೇರಿರುವುದಿಲ್ಲ, ಪತ್ರಿಕೆಯಲ್ಲಿ ಬರುವ ಬೆಲೆಯಲ್ಲಿ ಹೆಚ್ಚಾಗಿ ಸೇರಿರುತ್ತದೆ.

ಈ ದೊಡ್ಡ ಮೊತ್ತಗಳ ನೆರಳಿನಲ್ಲೇ ವಂಚನೆ ನಡೆಯುವುದು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಳೆಯ ನೋಟು, ನಾಣ್ಯ ಮಾರಿಸಿಕೊಡಲು ಶುಲ್ಕ, ಕಮಿಷನ್, ತೆರಿಗೆ ಕೇಳುವವರಿದ್ದಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿತು. ನಿಜವಾದ ಹರಾಜಿನಲ್ಲಿ ಮಾರುವವನ ಕಮಿಷನ್ ಕಡಿತವಾಗುವುದು ಸಾಮಾನ್ಯವಾಗಿ ನಾಣ್ಯ ಮಾರಾಟವಾದ ಮೇಲೆ, ಬಂದ ಹಣದಲ್ಲೇ.