ಮೊಟ್ಟೆ ಸಿಪ್ಪೆ, ಬೂದಿ, ತುಕ್ಕು ಮೊಳೆ: ವಾಟ್ಸಾಪ್ ಸಲಹೆಗಳು ವಿಜಯಪುರದ ಹಿತ್ತಲಿಗೆ ಒಗ್ಗುತ್ತವೆಯೇ?

ಕರಿಬೇವಿನ ಎಲೆ ಹಳದಿಯಾಗಿದೆಯೇ? ಬುಡಕ್ಕೆ ಮೊಟ್ಟೆ ಸಿಪ್ಪೆ ಹಾಕಿ. ಲಿಂಬೆ ಗಿಡ ಸೊರಗಿದೆಯೇ? ತುಕ್ಕು ಹಿಡಿದ ಮೊಳೆ ಹೂಳಿ. ಬದನೆ ಬಾಡಿದೆಯೇ? ಬೆಳಿಗ್ಗೆ ಸಂಜೆ ತಪ್ಪದೆ ನೀರು ಕೊಡಿ. ಒಲೆಯ ಬೂದಿ ಎಲ್ಲ ಗಿಡಕ್ಕೂ ಅಮೃತ. ಮನೆಯ ಸೋರೆಕಾಯಿ ಕಹಿಯಾಗಿದ್ದರೆ ಇನ್ನೂ ಒಳ್ಳೆಯದು, ರಸ ತೆಗೆದು ಕುಡಿಯಿರಿ.

ಇಂಥ ಸಂದೇಶಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು. ಕೆಲವು ಬೇರೆ ಊರಿನಲ್ಲಿ ನಿಜ, ನಿಮ್ಮ ಊರಿನಲ್ಲಿ ಅಲ್ಲ. ಒಂದಂತೂ ಜೀವಕ್ಕೇ ಅಪಾಯ. ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ಹಿತ್ತಲಲ್ಲಿ ಕಾಯಿಪಲ್ಯ, ಹಣ್ಣು ಬೆಳೆಯುವವರು ಈ ಸಂದೇಶಗಳನ್ನು ಪಾಲಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಸಲಹೆ ಯಾವ ಮಣ್ಣಿಗೆ ಬರೆದದ್ದು?

ಮೊದಲು ನಮ್ಮ ಮಣ್ಣು ಎಂಥದ್ದು ನೋಡೋಣ

ವಿಜಯಪುರದಿಂದ ತೊರವಿ, ತಿಕೋಟಾ ಹಾದು ಅಥಣಿಯತ್ತ ಹೋಗುವ ರಸ್ತೆಯ ಎರಡೂ ಬದಿಗೆ ಹೆಚ್ಚಾಗಿ ಕಾಣುವುದು ಎರೆ ಭೂಮಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲಿ ಲಾವಾ ಹರಿದು ಗಟ್ಟಿಯಾಯಿತು. ಆ ಕಪ್ಪು ಕಲ್ಲು ಸವೆದು ಆದದ್ದೇ ಈ ಮಣ್ಣು. ಇದರಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬೀಳುವುದು ಇದೇ ಕಾರಣಕ್ಕೆ.

ಈ ಮಣ್ಣಿನಲ್ಲಿ ಸುಣ್ಣದ ಅಂಶ ಮೊದಲೇ ತುಂಬಾ ಇದೆ. ಅಗೆದಾಗ ಬಿಳಿ ಹರಳುಗಳು ಸಿಗುತ್ತವಲ್ಲ, ಅವು ಸುಣ್ಣದವೇ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಾತ್ರ ಮಳೆಯಾಗುವುದರಿಂದ ಆ ಸುಣ್ಣ ತೊಳೆದು ಹೋಗುವುದಿಲ್ಲ. ಹಾಗಾಗಿ ಮಣ್ಣಿನ ರಸಸಾರ, ಅಂದರೆ ಪಿಎಚ್, ಸಾಮಾನ್ಯವಾಗಿ 8ರಿಂದ 8.5ರವರೆಗೆ ಇರುತ್ತದೆ. 7 ಎಂದರೆ ಸಮ. ಅದಕ್ಕಿಂತ ಕಡಿಮೆ ಇದ್ದರೆ ಹುಳಿ ಮಣ್ಣು, ಹೆಚ್ಚಿದ್ದರೆ ಕ್ಷಾರ ಮಣ್ಣು. ಬಹುತೇಕ ತರಕಾರಿಗಳು 6ರಿಂದ 7.5ರ ನಡುವೆ ಚೆನ್ನಾಗಿ ಬರುತ್ತವೆ.

ಮಲೆನಾಡು, ಕರಾವಳಿಯಲ್ಲಿ ಇದರ ತದ್ವಿರುದ್ಧ. ಅಲ್ಲಿ ಸುರಿಯುವ ಮಳೆ ಸುಣ್ಣವನ್ನೆಲ್ಲ ತೊಳೆದು ಮಣ್ಣನ್ನು ಹುಳಿಯಾಗಿಸುತ್ತದೆ. ಅದಕ್ಕೇ ಅಲ್ಲಿನವರು ಅಡಿಕೆ ತೋಟಕ್ಕೆ ಸುಣ್ಣ ಹಾಕುತ್ತಾರೆ. ಬೂದಿ, ಮೊಟ್ಟೆ ಸಿಪ್ಪೆಯ ಸಲಹೆಗೆ ಅಲ್ಲಿ ಅರ್ಥವಿದೆ. ಅದೇ ಸಂದೇಶ ಫಾರ್ವರ್ಡ್ ಆಗಿ ತಿಕೋಟಾಕ್ಕೆ ಬಂದರೆ, ಮೊದಲೇ ಉಪ್ಪಾದ ಸಾರಿಗೆ ಮತ್ತೆ ಉಪ್ಪು ಸುರಿದಂತೆ.

ಮನೆಯಲ್ಲೇ ಪರೀಕ್ಷೆ ಮಾಡಿ

ಹಿತ್ತಲಿನ ಎರಡು ಚಮಚ ಮಣ್ಣು ತಟ್ಟೆಗೆ ಹಾಕಿ. ಮೊದಲು ಸ್ವಲ್ಪ ನೀರು ಹಾಕಿ ಕೆಸರು ಮಾಡಿ. ಒಣ ಮಣ್ಣಿಗೆ ಏನು ಹಾಕಿದರೂ ಒಳಗಿನ ಗಾಳಿಯ ಗುಳ್ಳೆ ಬರುತ್ತದೆ, ಅದರಿಂದ ಮೋಸ ಹೋಗಬಾರದು ಎಂದೇ ಈ ಹೆಜ್ಜೆ. ಈಗ ಅದರ ಮೇಲೆ ವಿನೆಗರ್ ಅಥವಾ ಲಿಂಬೆ ರಸ ಹನಿಸಿ. ಸಣ್ಣ ಗುಳ್ಳೆ ಎದ್ದು ಚಿರಚಿರ ಎಂದರೆ ಮಣ್ಣಿನಲ್ಲಿ ಸುಣ್ಣ ಇದೆ ಎಂದರ್ಥ. ಸುಣ್ಣ ಮತ್ತು ಹುಳಿ ಸೇರಿದಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ಗುಳ್ಳೆ ಅದರದ್ದೇ. ಶೌಚಾಲಯ ತೊಳೆಯುವ ಆಸಿಡ್ ಮಾತ್ರ ಬಳಸಬೇಡಿ.

ಹೊಸ ಬಡಾವಣೆಗಳಲ್ಲಿ ಇನ್ನೊಂದು ಮಾತು ನೆನಪಿಡಿ. ಅಲ್ಲಿ ಅಂಗಳಕ್ಕೆ ಗರಸು, ಕಟ್ಟಡದ ಅವಶೇಷ ತುಂಬಿರುವುದು ಸಾಮಾನ್ಯ. ಸಿಮೆಂಟಿನ ಚೂರು ಕೂಡ ಕ್ಷಾರವೇ. ಆದ್ದರಿಂದ ಗಿಡ ನೆಡುವ ಜಾಗದಲ್ಲೇ ಒಂದು ಅಡಿ ಅಗೆದು ಪರೀಕ್ಷಿಸಿ.

ಹೇಳಿಕೆ 1: ಮೊಟ್ಟೆ ಸಿಪ್ಪೆ, ಬೂದಿ ಹಾಕಿದರೆ ಗಿಡ ಹಸಿರಾಗುತ್ತದೆ

ಈ ಮಣ್ಣಿಗೆ ಸರಿಯಲ್ಲ. ಮೊಟ್ಟೆ ಸಿಪ್ಪೆಯ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ನಿಮ್ಮ ಮಣ್ಣಿನಲ್ಲಿರುವ ಬಿಳಿ ಹರಳಿನದೇ ವಸ್ತು. ಕ್ಷಾರ ಮಣ್ಣಿನಲ್ಲಿ ಅದು ಕರಗುವುದೂ ಇಲ್ಲ. ಹಾಕಿದರೆ ದೊಡ್ಡ ಹಾನಿಯಿಲ್ಲ, ಲಾಭವೂ ಇಲ್ಲ.

ಬೂದಿಯ ಕಥೆ ಬೇರೆ. ಅದು ಬೇಗ ಕರಗುವ ತೀವ್ರ ಕ್ಷಾರ. ಪೊಟ್ಯಾಶ್ ಇರುವುದು ನಿಜ, ಆದರೆ ವಾರವಾರ ಬುಡಕ್ಕೆ ಸುರಿದರೆ ಮಣ್ಣಿನ ಪಿಎಚ್ ಇನ್ನೂ ಏರುತ್ತದೆ. ಇರುವ ಬೂದಿಯನ್ನು ತಿಪ್ಪೆಗೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಗಿಡದ ಬುಡಕ್ಕೆ ಬೇಡ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆತರೆ ಕ್ಯಾಲ್ಸಿಯಂ ಕೊರತೆ, ಸಿಪ್ಪೆ ಹಾಕಿ ಎನ್ನುತ್ತಾರೆ. ಕಾಯಿಗೆ ಕ್ಯಾಲ್ಸಿಯಂ ಸಾಲದಿರುವುದು ಹೌದು. ಆದರೆ ಇಲ್ಲಿನ ಮಣ್ಣಿನಲ್ಲಿ ಅದಕ್ಕೆ ಬರವಿಲ್ಲ. ಅದು ನೀರಿನೊಂದಿಗೇ ಮೇಲೇರಬೇಕು. ನಾಲ್ಕು ದಿನ ಒಣಗಿಸಿ ಐದನೇ ದಿನ ಕೆರೆ ಮಾಡಿದರೆ ಆ ಸಾಗಾಟ ಕೆಡುತ್ತದೆ. ಹದವಾಗಿ, ಒಂದೇ ಸಮ ನೀರು ಕೊಡುವುದೇ ಪರಿಹಾರ.

ಹೇಳಿಕೆ 2: ಎಲೆ ಹಳದಿಯಾದರೆ ತುಕ್ಕು ಮೊಳೆ ಹೂಳಿ

ರೋಗದ ಊಹೆ ಅರ್ಧ ಸರಿ, ಔಷಧ ತಪ್ಪು. ಮೊದಲು ಎಲೆ ನೋಡಿ. ಹಳೆಯ, ಕೆಳಗಿನ ಎಲೆ ಪೂರ್ತಿ ಹಳದಿಯಾದರೆ ಹೆಚ್ಚಾಗಿ ಸಾರಜನಕದ ಕೊರತೆ. ಹೊಸ, ತುದಿಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಎರೆ ಮಣ್ಣಿನ ಕರಿಬೇವು, ಲಿಂಬೆ, ಪೇರಲ ಗಿಡಗಳಲ್ಲಿ ಎರಡನೆಯದು ಕಾಣುವುದು ಹೆಚ್ಚು.

ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಕ್ಷಾರದಿಂದಾಗಿ ಅದು ಬೇರಿಗೆ ಸಿಗದ ರೂಪದಲ್ಲಿ ಬೀಗ ಹಾಕಿಕೊಂಡಿದೆ. ತುಕ್ಕು ಕೂಡ ಅದೇ ಕರಗದ ರೂಪ. ಬೀಗ ಹಾಕಿದ ಕೋಣೆಗೆ ಇನ್ನಷ್ಟು ಚೀಲ ತುಂಬಿದರೆ ಮನೆಯವರ ಹೊಟ್ಟೆ ತುಂಬದು. ಮ್ಯಾಗ್ನೀಸಿಯಂ ಇರುವ ಎಪ್ಸಮ್ ಉಪ್ಪು ಹಾಕಿದರೂ ಕಬ್ಬಿಣದ ಕೊರತೆ ನೀಗುವುದಿಲ್ಲ.

ಕೆಲಸ ಮಾಡುವ ದಾರಿ ಎಲೆಗೆ ನೇರವಾಗಿ ಕೊಡುವುದು. ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್, ಅಂದರೆ ಅನ್ನಭೇದಿ, ಸಿಗುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಹೊಸ ಎಲೆಗಳಿಗೆ ಸಿಂಪಡಿಸಿ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಸಿಂಪಡಿಸಿದ ಕರಿಬೇವನ್ನು ಕೆಲವು ದಿನ ಕೀಳಬೇಡಿ, ಆಮೇಲೂ ತೊಳೆದೇ ಬಳಸಿ. ಅನ್ನಭೇದಿ ಮಕ್ಕಳ ಹೊಟ್ಟೆಗೆ ಹೋದರೆ ವಿಷ, ಎತ್ತರದಲ್ಲಿಡಿ.

ಹೇಳಿಕೆ 3: ಬಿಸಿಲೂರು, ದಿನಕ್ಕೆ ಎರಡು ಸಲ ನೀರು ಬೇಕೇ ಬೇಕು

ಕುಂಡದ ಗಿಡಕ್ಕೆ ಬೇಸಿಗೆಯಲ್ಲಿ ಇದು ಸರಿ ಇರಬಹುದು. ಎರೆ ನೆಲದಲ್ಲಿ ನೆಟ್ಟ ಗಿಡಕ್ಕೆ ಅಲ್ಲ. ಈ ಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಮೇಲ್ಪದರ ಒಣಗಿ ಬಿರಿದಿದ್ದರೂ ಗೇಣುದ್ದ ಕೆಳಗೆ ಹಸಿ ಇರುತ್ತದೆ. ಮಳೆಗಾಲದ ಹಸಿಯ ಮೇಲೆಯೇ ಹಿಂಗಾರಿ ಜೋಳ ಬೆಳೆಯುವ ಜಿಲ್ಲೆಗೆ ಇದು ಹೊಸ ಸುದ್ದಿಯಲ್ಲ. ಒಣ ಬೇಸಾಯದ ಸಂಶೋಧನೆ ವಿಜಯಪುರದಲ್ಲಿ 1930ರ ದಶಕದಲ್ಲೇ ಶುರುವಾಗಿದೆ.

ಬೇರಿಗೂ ಉಸಿರಾಟ ಬೇಕು. ದಿನಾ ನೀರು ನಿಂತರೆ ಮಣ್ಣಿನ ಸಂದುಗಳಲ್ಲಿ ಗಾಳಿ ಉಳಿಯುವುದಿಲ್ಲ, ಬೇರು ಕೊಳೆಯುತ್ತದೆ, ಗಿಡ ಬಾಡುತ್ತದೆ. ಬಾಡಿತೆಂದು ನಾವು ಮತ್ತೆ ನೀರು ಹಾಕುತ್ತೇವೆ. ಸುಣ್ಣದ ಮಣ್ಣು ಸದಾ ಹಸಿಯಾಗಿದ್ದರೆ ಕಬ್ಬಿಣದ ಕೊರತೆಯೂ ಹೆಚ್ಚುತ್ತದೆ. ಎಷ್ಟೋ ಹಿತ್ತಲಲ್ಲಿ ಹಳದಿ ಎಲೆಗೆ ಮೊದಲ ಮದ್ದು ನೀರು ಕಡಿಮೆ ಮಾಡುವುದೇ.

ಎರಡು ಬೆರಳು ಆಳ ಕೆದರಿ ಮಣ್ಣು ಹಿಡಿಯಿರಿ. ಉಂಡೆ ಕಟ್ಟಿ ಕೈಗೆ ಅಂಟಿದರೆ ಇಂದು ನೀರು ಬೇಡ. ಉದುರಿದರೆ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಕೊಡಿ. ಬುಡಕ್ಕೆ ಒಣ ಎಲೆ ಅಥವಾ ಕಬ್ಬಿನ ರವದಿ ಹೊದಿಸಿದರೆ ನೀರೂ ಉಳಿಯುತ್ತದೆ, ಬಿರುಕೂ ಕಡಿಮೆ.

ಹೇಳಿಕೆ 4: ಆರ್‌ಒ ಯಂತ್ರ ಬಿಡುವ ನೀರು ಗಿಡಕ್ಕೆ ಹಾಕಿ, ನೀರು ಉಳಿಸಿ

ಉದ್ದೇಶ ಒಳ್ಳೆಯದು, ಲೆಕ್ಕ ನೋಡಿ. ಲೀಟರಿಗೆ 1000 ಮಿಲಿಗ್ರಾಂ ಲವಣ ಇರುವ ಬೋರ್‌ವೆಲ್ ನೀರು 3 ಲೀಟರ್ ಒಳಗೆ ಹೋಯಿತು ಎಂದುಕೊಳ್ಳಿ. 1 ಲೀಟರ್ ಕುಡಿಯುವ ನೀರಾಯಿತು. ಉಳಿದ 2 ಲೀಟರಿನಲ್ಲಿ ಹೆಚ್ಚುಕಡಿಮೆ ಮೂರೂ ಲೀಟರಿನ ಲವಣ ಸೇರಿರುತ್ತದೆ, ಅಂದರೆ ಲೀಟರಿಗೆ ಸುಮಾರು 1500 ಮಿಲಿಗ್ರಾಂ. ದಿನವೂ ಇದನ್ನೇ ಕೊಟ್ಟರೆ ನೀರು ಆವಿಯಾಗಿ ಲವಣ ಮಣ್ಣಿನಲ್ಲೇ ಉಳಿಯುತ್ತದೆ. ಅದರಲ್ಲಿ ಸೋಡಿಯಂ ಹೆಚ್ಚಿದ್ದರೆ ಎರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ, ಒಣಗಿದಾಗ ಮೇಲೆ ಗಟ್ಟಿ ಹೆಪ್ಪು ಕಟ್ಟುತ್ತದೆ. ಎಲೆಯ ಅಂಚು ಸುಟ್ಟಂತೆ ಒಣಗುವುದು, ಮಣ್ಣಿನ ಮೇಲೆ ಬಿಳಿ ಪುಡಿ ಕಾಣುವುದು ಇದರ ಗುರುತು.

ಆ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಗಿಡಕ್ಕೆ ಮಳೆ ನೀರು ಹಿಡಿಯಿರಿ. 1000 ಚದರ ಅಡಿ ಛಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 930 ಲೀಟರ್ ನೀರು. ಒಂದೇ ಮಳೆಗೆ ದೊಡ್ಡ ಟ್ಯಾಂಕ್ ತುಂಬುತ್ತದೆ, ಅದರಲ್ಲಿ ಲವಣ ಇಲ್ಲವೆಂದೇ ಹೇಳಬಹುದು.

ತಿಕೋಟಾ ಸುತ್ತಲಿನ ದ್ರಾಕ್ಷಿ ಬೆಳೆಗಾರರಿಗೆ ಲವಣದ ಕಾಟ ಚೆನ್ನಾಗಿ ಗೊತ್ತು. ಈ ಭಾಗದ ದ್ರಾಕ್ಷಿ ಬಳ್ಳಿಯನ್ನು ಹೆಚ್ಚಾಗಿ ಡಾಗ್‌ರಿಡ್ಜ್ ಎಂಬ ಬೇರುಗಿಡಕ್ಕೆ ಕಸಿ ಕಟ್ಟುತ್ತಾರೆ. ಲವಣ ಮತ್ತು ಬರ ಎರಡನ್ನೂ ಅದು ತಡೆಯುತ್ತದೆ. ಮಣ್ಣನ್ನು ಬದಲಿಸುವ ಬದಲು ಮಣ್ಣಿಗೆ ಹೊಂದುವ ಗಿಡ ಆರಿಸುವ ಈ ಜಾಣತನ ಹಿತ್ತಲಿಗೂ ಬೇಕು.

ಹೇಳಿಕೆ 5: ಮನೆಯಲ್ಲಿ ಬೆಳೆದ ಸೋರೆಕಾಯಿ ಕಹಿಯಿದ್ದರೆ ಔಷಧಿ ಗುಣ ಹೆಚ್ಚು

ಇದು ಅಪಾಯಕಾರಿ ಸುಳ್ಳು. ಸೋರೆಕಾಯಿ (ಈ ಕಡೆ ಹಾಲುಗುಂಬಳ ಎಂದೂ ಕರೆಯುತ್ತಾರೆ), ಸೌತೆ, ಹೀರೆಯಂಥ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಉಂಟಾಗಬಹುದು. ಬಿರುಬಿಸಿಲು, ನೀರಿನ ಕೊರತೆ ಇದ್ದಾಗ ಅದು ಹೆಚ್ಚಬಹುದು. ಹಿತ್ತಲಲ್ಲೇ ಉಳಿಸಿದ ಬೀಜ ಕಹಿ ತಳಿಯ ಪರಾಗದಿಂದ ಬೆರಕೆಯಾಗಿದ್ದರೂ ಮುಂದಿನ ಬಳ್ಳಿಯಲ್ಲಿ ಕಹಿ ಕಾಯಿ ಬರುತ್ತದೆ. ಬೇಯಿಸಿದರೆ ವಿಷ ಹೋಗುತ್ತದೆ ಎಂದು ನಂಬಬೇಡಿ.

ಕಹಿ ಸೋರೆಕಾಯಿ ರಸ ಕುಡಿದು ಸಾವು ಸಂಭವಿಸಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ತಜ್ಞರ ಸಮಿತಿಯಿಂದ ಪರಿಶೀಲನೆ ಮಾಡಿಸಿತು. ಆ ವರದಿ 2012ರಲ್ಲಿ ಪ್ರಕಟವಾಯಿತು. ಅದರ ತಿರುಳು ಇಷ್ಟೇ: ಮೊದಲು ಸಣ್ಣ ಚೂರು ರುಚಿ ನೋಡಿ, ಕಹಿಯಿದ್ದರೆ ಉಗುಳಿ ಕಾಯಿ ಎಸೆಯಿರಿ. ಕುಡಿದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಬಂದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ರಕ್ತವಾಂತಿಯಾಗಬಹುದು, ರಕ್ತದೊತ್ತಡ ಕುಸಿಯಬಹುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ಹಾಗಲಕಾಯಿಯ ಸಹಜ ಕಹಿ ಬೇರೆ ವಿಷಯ, ಅದಕ್ಕೆ ಹೆದರಬೇಕಿಲ್ಲ.

ಹಾಗಾದರೆ ಏನು ಮಾಡಬೇಕು?

ಈ ಮಣ್ಣಿಗೆ ಎಲ್ಲಕ್ಕಿಂತ ಒಳ್ಳೆಯದು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ. ಅದು ಜೇಡಿಯನ್ನು ಸಡಿಲ ಮಾಡುತ್ತದೆ, ಬೀಗ ಬಿದ್ದ ಕಬ್ಬಿಣವನ್ನು ಸ್ವಲ್ಪ ಸ್ವಲ್ಪವೇ ಬೇರಿಗೆ ತಲುಪಿಸುತ್ತದೆ. ಹಸಿ ಸಗಣಿ ಹಾಕಬೇಡಿ. ಅದರಲ್ಲಿ ರೋಗಾಣು ಇರಬಹುದು, ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗಂತೂ ಬೇಡವೇ ಬೇಡ. ನೀರು ನಿಲ್ಲದಂತೆ ಮಡಿಯನ್ನು ಅರ್ಧ ಅಡಿ ಎತ್ತರಿಸಿ.

ಜೂನ್ ಮಳೆಗೆ ಬೆಂಡೆ, ಚವಳಿ, ಹೀರೆ, ಬದನೆ, ಪುಂಡಿ ಪಲ್ಯ ಹಾಕಿ. ಅಕ್ಟೋಬರ್ ನಂತರ ಮೆಂತ್ಯ, ಪಾಲಕ, ಕೊತ್ತಂಬರಿ, ಟೊಮೆಟೊ, ಗಜ್ಜರಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲಿಗೆ ಟೊಮೆಟೊ ಹೂ ಉದುರುವುದು ಸಹಜ, ಅದಕ್ಕೆ ಟಾನಿಕ್ ಕೊಳ್ಳಬೇಡಿ. ಹಣ್ಣಿಗೆ ಸೀತಾಫಲ, ಬಾರೆ, ದಾಳಿಂಬೆ ಈ ನೆಲಕ್ಕೆ ಹೊಂದುತ್ತವೆ. ನುಗ್ಗೆ ಒಂದು ಮೂಲೆಯಲ್ಲಿರಲಿ. ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆ ಇದೇ ಜಿಲ್ಲೆಯದು, ನೀರು ನಿಲ್ಲದ ಜಾಗ ಕೊಟ್ಟರೆ ಲಿಂಬೆಯೂ ಬರುತ್ತದೆ.

ಸಂದೇಹ ಉಳಿದರೆ ಮಣ್ಣು ಪರೀಕ್ಷೆ ಮಾಡಿಸಿ. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ವಿಜಯಪುರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ಗಿಡದ ಸಲಹೆ ಬಂದಾಗ ಲಿಂಬೆ ರಸದ ಪರೀಕ್ಷೆ ಮಾಡಿ. ಗುಳ್ಳೆ ಬಂದರೆ ಸುಣ್ಣ, ಬೂದಿ, ಮೊಟ್ಟೆ ಸಿಪ್ಪೆಯ ಸಂದೇಶ ನಿಮ್ಮ ಗುಂಪಿಗೆ ಬೇಡ. ಏನನ್ನಾದರೂ ಹಂಚಲೇಬೇಕು ಎನಿಸಿದರೆ ಇದೊಂದು ಸಾಲು ಹಂಚಿ: ಸೋರೆಕಾಯಿ ಕಹಿಯಿದ್ದರೆ ಕುಡಿಯಬೇಡಿ, ಎಸೆಯಿರಿ.